ಪರದೆಯ ಮೂಲೆಯ ಎರಡು ಸಾಲು: ಕಚೇರಿಯ ಕಂಪ್ಯೂಟರ್‌ಗಳೂ ವಿಂಡೋಸ್ ಆಕ್ಟಿವೇಷನ್ನೂ

ಪರದೆಯ ಬಲಭಾಗದ ಕೆಳಮೂಲೆಯಲ್ಲಿ, ಮಾಸಲು ಅಕ್ಷರಗಳಲ್ಲಿ, ವಿಂಡೋಸನ್ನು ಆಕ್ಟಿವೇಟ್ ಮಾಡಿ ಎಂದು ಕೇಳುವ ಎರಡು ಸಾಲುಗಳು ಕಾಣಿಸಿಕೊಂಡ ಮಾತ್ರಕ್ಕೆ ಯಾರ ಕೆಲಸವೂ ನಿಲ್ಲುವುದಿಲ್ಲ. ಕಡತಗಳು ತೆರೆದುಕೊಳ್ಳುತ್ತವೆ, ಪ್ರಿಂಟರ್ ಓಡುತ್ತದೆ. ಹೆಚ್ಚೆಂದರೆ ಹಿನ್ನೆಲೆಯ ಚಿತ್ರವನ್ನು ಸೆಟ್ಟಿಂಗ್ಸ್ ಮೂಲಕ ಬದಲಿಸಲು ಆಗುವುದಿಲ್ಲ. ಆದರೂ ಕಚೇರಿಯಲ್ಲಿ ಆ ಸಾಲುಗಳನ್ನು ಕಂಡವರು ಗಾಬರಿಯಾಗಿ, "ಸರ್, ನಮ್ಮ ಲೈಸೆನ್ಸ್ ಮುಗಿದುಹೋಗಿದೆಯಂತೆ" ಎಂದು ಫೋನ್ ಮಾಡುತ್ತಾರೆ. ಕಚೇರಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಹಲವು ವರ್ಷ ಕಳೆದಿರುವ ನನಗೆ ಆ ಮಾತು ನಿಜವಾಗಿದ್ದ ಸಂದರ್ಭಗಳು ಬೆರಳೆಣಿಕೆಯಷ್ಟೂ ನೆನಪಿಗೆ ಬರುವುದಿಲ್ಲ. ಲೈಸೆನ್ಸ್ ಇದ್ದಲ್ಲೇ ಇರುತ್ತದೆ. ಅದು ಇದೆಯೆಂದು ಯಂತ್ರವು ಖಚಿತಪಡಿಸಿಕೊಳ್ಳುವ ಕ್ರಿಯೆಯೇ ಆಕ್ಟಿವೇಷನ್, ಅದರ ದಾರಿ ಎಲ್ಲೋ ಒಂದು ಕಡೆ ಕಟ್ಟಿಕೊಂಡಿರುತ್ತದೆ.

ಈ ವ್ಯತ್ಯಾಸ ನನಗೆ ತಡವಾಗಿ ಅರ್ಥವಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಫೋನ್ ಬಂದರೆ ನಾನು ಮಾಡುತ್ತಿದ್ದುದು ಒಂದೇ: ಹಾಳೆಯಲ್ಲಿ ಬರೆದಿಟ್ಟ 25 ಅಕ್ಷರಗಳ ಪ್ರಾಡಕ್ಟ್ ಕೀಯನ್ನು ಮತ್ತೆ ಟೈಪಿಸುವುದು. ಅದು ಒಪ್ಪದಿದ್ದರೆ ಇನ್ನೊಂದು ಕೀ, ಅದೂ ಒಪ್ಪದಿದ್ದರೆ ಮತ್ತೊಂದು. ಒಮ್ಮೊಮ್ಮೆ ಯಾವುದೋ ಒಂದು ಕೀ ಹಿಡಿದುಕೊಳ್ಳುತ್ತಿತ್ತು, ಸಮಸ್ಯೆ ಬಗೆಹರಿಯಿತೆಂದು ನಾನೂ ಎದ್ದು ಬರುತ್ತಿದ್ದೆ. ಹೀಗೆ ಗುರಿಯಿಲ್ಲದೆ ಕೀ ಬದಲಿಸುವುದರಿಂದ ಮೊದಲಿದ್ದ ಸ್ಥಿತಿಯ ಕುರುಹೇ ಅಳಿಸಿಹೋಗುತ್ತದೆ ಎಂಬುದು, ಮತ್ತು ಆ ಕುರುಹಿನಲ್ಲೇ ಉತ್ತರವಿರುತ್ತದೆ ಎಂಬುದು ಆಗ ಹೊಳೆದಿರಲಿಲ್ಲ.

ಈಗ ನಾನು ಯಂತ್ರದ ಮುಂದೆ ಕುಳಿತಾಗ ಮೊದಲು ಏನನ್ನೂ ಬದಲಿಸುವುದಿಲ್ಲ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಆಜ್ಞೆಗಳನ್ನು ಟೈಪಿಸುವ ಕಮಾಂಡ್ ಪ್ರಾಂಪ್ಟ್ ತೆರೆದು, ಎಸ್‌ಎಲ್‌ಎಂಜಿಆರ್ ಎಂಬ ಆಜ್ಞೆಯನ್ನು ಡಿಎಲ್‌ವಿ ಎಂಬ ಆಯ್ಕೆಯೊಂದಿಗೆ ನಡೆಸುತ್ತೇನೆ. ತೆರೆದುಕೊಳ್ಳುವ ಸಣ್ಣ ಕಿಟಕಿಯಲ್ಲಿ ಮುಖ್ಯವಾದ ಕೆಲವು ಸಂಗತಿಗಳಿರುತ್ತವೆ: ವಿಂಡೋಸಿನ ಯಾವ ಆವೃತ್ತಿ ಇದೆ, ಹಾಕಿರುವ ಕೀಯ ಕೊನೆಯ ಐದು ಅಕ್ಷರಗಳು ಯಾವುವು, ಲೈಸೆನ್ಸಿನ ಈಗಿನ ಸ್ಥಿತಿ ಏನು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅದು ಯಾವ ಚಾನೆಲ್‌ಗೆ ಸೇರಿದ್ದು. ಕಂಪ್ಯೂಟರಿನೊಂದಿಗೇ ಬಂದ ಓಇಎಂ ಲೈಸೆನ್ಸೋ, ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸೋ, ಸಂಸ್ಥೆಗಳಿಗೆ ಸಗಟಾಗಿ ಕೊಡುವ ವಾಲ್ಯೂಮ್ ಲೈಸೆನ್ಸೋ ಎಂಬುದು ತಿಳಿಯದೆ ಮುಂದೆ ಹೆಜ್ಜೆ ಇಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಈ ಮೂರರ ರೋಗಗಳೂ ಬೇರೆ, ಔಷಧಗಳೂ ಬೇರೆ. ಈ ಕಿಟಕಿಯ ಚಿತ್ರವನ್ನು ಉಳಿಸಿಕೊಂಡ ನಂತರವೇ ಉಳಿದದ್ದು.

ಓಇಎಂ ವಿಷಯ ಬೇಗ ಮುಗಿಯುವಂಥದ್ದು. ವಿಂಡೋಸ್ 8ರ ಕಾಲದಿಂದ ದೊಡ್ಡ ತಯಾರಕರ ಯಂತ್ರಗಳಲ್ಲಿ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ (ಬೋರ್ಡಿನೊಳಗೇ ಇರುವ ತಂತ್ರಾಂಶದಲ್ಲಿ), ಎಂಎಸ್‌ಡಿಎಂ ಎಂಬ ಪಟ್ಟಿಯಲ್ಲಿ ಬರೆದಿಟ್ಟಿರುತ್ತಾರೆ. ವಿಂಡೋಸನ್ನು ಹೊಸದಾಗಿ ಹಾಕುವಾಗ ಸೆಟಪ್ ಅದನ್ನು ತಾನೇ ಓದಿಕೊಂಡು, ಅದಕ್ಕೆ ಹೊಂದುವ ಆವೃತ್ತಿಯನ್ನೇ ಆರಿಸಿಕೊಳ್ಳುತ್ತದೆ. ಹೋಮ್ ಆವೃತ್ತಿಯ ಕೀ ಇರುವ ಲ್ಯಾಪ್‌ಟಾಪ್‌ಗಳನ್ನು ಅಗ್ಗಕ್ಕೆ ಸಿಕ್ಕವೆಂದು ಕಚೇರಿಗೆ ಕೊಂಡು ತಂದು, ಅದರ ಮೇಲೆ ಪ್ರೊ ಆವೃತ್ತಿಯನ್ನು ಹಾಕಿ, ಆಮೇಲೆ ಆಕ್ಟಿವೇಟ್ ಆಗುತ್ತಿಲ್ಲವೆಂದು ತಲೆಕೆಡಿಸಿಕೊಳ್ಳುವುದು ಸಾಮಾನ್ಯ. ಅಲ್ಲಿ ದೋಷವೇನೂ ಇಲ್ಲ. ಪ್ರೊ ಲೈಸೆನ್ಸನ್ನು ಕೊಂಡಿಲ್ಲ, ಅಷ್ಟೆ. ಇನ್ನೊಂದು ಪ್ರಸಂಗ ರಿಪೇರಿಗೆ ಸಂಬಂಧಿಸಿದ್ದು. ಮದರ್‌ಬೋರ್ಡ್ ಬದಲಾಗಿ ಬಂದ ಯಂತ್ರವನ್ನು ವಿಂಡೋಸ್ ಬೇರೆಯದೇ ಯಂತ್ರವೆಂದು ಭಾವಿಸುತ್ತದೆ. ಎಫ್211 ಎಂದು ಕೊನೆಗೊಳ್ಳುವ ಎರರ್ ಕೋಡ್ ಹೇಳುವುದೂ ಹಾರ್ಡ್‌ವೇರ್ ಬದಲಾಗಿದೆಯೆಂಬುದನ್ನೇ. ಹೊಸ ಬೋರ್ಡಿನ ಫರ್ಮ್‌ವೇರಿಗೆ ಕೀಯನ್ನು ಬರೆಯಲು ರಿಪೇರಿಯವರು ಮರೆತಿದ್ದರೆ ನಾವು ಇತ್ತ ಎಷ್ಟು ಹೆಣಗಿದರೂ ಪ್ರಯೋಜನವಿಲ್ಲ, ಯಂತ್ರವನ್ನು ಅವರಿಗೇ ಹಿಂದಿರುಗಿಸಬೇಕು.

ವಾಲ್ಯೂಮ್ ಲೈಸೆನ್ಸಿನ ಕಥೆ ದೊಡ್ಡದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಬಿಡಿ ಗ್ರಾಹಕರಿಂದ ಆಕ್ಟಿವೇಷನ್ ಕೇಳುತ್ತಿತ್ತಾದರೂ ಸಂಸ್ಥೆಗಳಿಗೆ ಕೊಡುತ್ತಿದ್ದ ವಾಲ್ಯೂಮ್ ಕೀಗೆ ಆ ತಪಾಸಣೆಯೇ ಇರಲಿಲ್ಲ. ಒಂದು ಕೀ ಹೊರಗೆ ಸೋರಿದರೆ ಊರೆಲ್ಲ ಅದನ್ನೇ ಬಳಸಬಹುದಿತ್ತು, ಬಳಸಿದರು ಕೂಡ. ಮುಂದಿನ ಆವೃತ್ತಿಯಾದ ವಿಸ್ಟಾದಿಂದ ಆ ಬಾಗಿಲು ಮುಚ್ಚಿತು, ಸಂಸ್ಥೆಗಳಿಗೆ ಎರಡು ದಾರಿಗಳನ್ನು ತೆರೆಯಲಾಯಿತು. ಒಂದು ಎಂಎಕೆ, ಅಂದರೆ ಮಲ್ಟಿಪಲ್ ಆಕ್ಟಿವೇಷನ್ ಕೀ. ಇನ್ನೊಂದು ಕೆಎಂಎಸ್, ಅಂದರೆ ಕೀ ಮ್ಯಾನೇಜ್‌ಮೆಂಟ್ ಸರ್ವಿಸ್. ವಿಂಡೋಸ್ 8ರೊಂದಿಗೆ ಸಂಸ್ಥೆಯ ಬಳಕೆದಾರರ, ಯಂತ್ರಗಳ ಕೇಂದ್ರ ಪಟ್ಟಿಯಾದ ಆಕ್ಟಿವ್ ಡೈರೆಕ್ಟರಿಯ ಮೂಲಕವೇ ಆಕ್ಟಿವೇಟ್ ಮಾಡುವ ಮೂರನೆಯ ದಾರಿಯೂ ಬಂದಿದೆ.

ಎಂಎಕೆ ಎಂಬುದು ಇಂತಿಷ್ಟು ಸಲ ಎಂದು ಮಿತಿ ಹಾಕಿದ ಕೀ. ಪ್ರತಿ ಯಂತ್ರವೂ ಒಮ್ಮೆ ಮೈಕ್ರೋಸಾಫ್ಟಿನ ಸರ್ವರನ್ನು ಸಂಪರ್ಕಿಸಿ ಆಕ್ಟಿವೇಟ್ ಆದರೆ ಮುಗಿಯಿತು, ಮತ್ತೆ ಕೇಳುವುದಿಲ್ಲ. ಆದರೆ ಯಂತ್ರವನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದಾಗ ಎಣಿಕೆಯಲ್ಲಿ ಇನ್ನೊಂದು ಖರ್ಚಾಗಬಹುದು, ಖರ್ಚಾದದ್ದು ತಾನಾಗಿ ಹಿಂದಕ್ಕೆ ಬರುವುದಿಲ್ಲ. ಮಿತಿ ಮೀರಿದಾಗ ಸಿ020 ಎಂದು ಕೊನೆಗೊಳ್ಳುವ ಎರರ್ ಕಾಣಿಸುತ್ತದೆ. ಕಾರಣ ತಿಳಿಸಿ ಮೈಕ್ರೋಸಾಫ್ಟಿಗೆ ವಿನಂತಿಸಿಕೊಂಡರೆ ಮಿತಿಯನ್ನು ಹೆಚ್ಚಿಸುತ್ತಾರೆ. ಇಂಟರ್ನೆಟ್ ಇಲ್ಲದ ಕೋಣೆಯೊಂದರ ಯಂತ್ರಗಳನ್ನು ನಾನು ಹಿಂದೊಮ್ಮೆ ಫೋನಿನ ಮೂಲಕ ಆಕ್ಟಿವೇಟ್ ಮಾಡಿದ್ದೆ. ತಲಾ 7 ಅಂಕಿಗಳ 9 ಗುಂಪುಗಳನ್ನು ಅತ್ತ ಒಪ್ಪಿಸಿ, ತಲಾ 6 ಅಂಕಿಗಳ 8 ಗುಂಪುಗಳನ್ನು ಇತ್ತ ಬರೆದುಕೊಳ್ಳಬೇಕಿತ್ತು. ನಾಲ್ಕನೆಯ ಯಂತ್ರದ ಹೊತ್ತಿಗೆ 5 ಯಾವುದು 9 ಯಾವುದು ಎಂಬ ವಿವೇಚನೆಯೇ ನನಗೆ ಉಳಿದಿರಲಿಲ್ಲ.

ಇಂಟರ್ನೆಟ್ ಇರುವ ಕಡೆಯೂ ಎಂಎಕೆ ಸೋಲುವುದುಂಟು. ಬ್ರೌಸರಿನಲ್ಲಿ ಎಲ್ಲ ತಾಣಗಳೂ ತೆರೆಯುತ್ತಿರುವಾಗ ಆಕ್ಟಿವೇಷನ್ ಮಾತ್ರ ಏಕೆ ಆಗದು ಎಂದು ಜನ ಕೇಳುತ್ತಾರೆ. ಆಕ್ಟಿವೇಷನ್ ನಡೆಸುವುದು ಹಿನ್ನೆಲೆಯಲ್ಲಿ ಓಡುವ ಒಂದು ಸರ್ವಿಸ್. ಬಳಕೆದಾರರು ಬ್ರೌಸರಿನಲ್ಲಿ ಕೊಟ್ಟ ಪ್ರಾಕ್ಸಿಯ (ಕಚೇರಿಗೂ ಇಂಟರ್ನೆಟ್ಟಿಗೂ ನಡುವೆ ನಿಲ್ಲುವ ಸರ್ವರಿನ) ಹೆಸರು, ಪಾಸ್‌ವರ್ಡ್ ಅದರ ಬಳಿ ಇರುವುದಿಲ್ಲ. ಪಾಸ್‌ವರ್ಡ್ ಕೇಳುವ ಪ್ರಾಕ್ಸಿ ಇರುವ ಕಚೇರಿಗಳಲ್ಲಿ ಆಕ್ಟಿವೇಷನ್ ವಿಳಾಸಗಳಿಗೆ ವಿನಾಯಿತಿ ಕೊಡುವುದೇ ಪರಿಹಾರ.

ಇನ್ನು ಕೆಎಂಎಸ್. ನನ್ನ ಹೆಚ್ಚಿನ ಸಮಯವನ್ನು ತಿಂದದ್ದೂ, ನನಗೆ ಹೆಚ್ಚು ಕಲಿಸಿದ್ದೂ ಇದೇ. ಇಲ್ಲಿ ಪ್ರತಿ ಯಂತ್ರವೂ ಹೊರಗೆ ಹೋಗುವ ಅಗತ್ಯವಿಲ್ಲ. ಕಚೇರಿಯೊಳಗೇ ಒಂದು ಸರ್ವರನ್ನು ಹೋಸ್ಟ್ ಆಗಿ ನಿಲ್ಲಿಸಿ, ಅದೊಂದನ್ನು ಮಾತ್ರ ವಿಶೇಷವಾದ ಹೋಸ್ಟ್ ಕೀಯಿಂದ ಮೈಕ್ರೋಸಾಫ್ಟಿನ ಬಳಿ ಆಕ್ಟಿವೇಟ್ ಮಾಡಿಸಿದರೆ, ಉಳಿದ ಯಂತ್ರಗಳೆಲ್ಲ ಟಿಸಿಪಿ 1688ನೆಯ ಪೋರ್ಟಿನಲ್ಲಿ (ಜಾಲದ ಸಂಪರ್ಕಕ್ಕಿರುವ ಸಂಖ್ಯೆಯುಳ್ಳ ಬಾಗಿಲಿನಲ್ಲಿ) ಅದನ್ನೇ ಕೇಳಿಕೊಳ್ಳುತ್ತವೆ. ಉಳಿದ ಯಂತ್ರಗಳಲ್ಲಿರುವುದು ಎಲ್ಲರಿಗೂ ಒಂದೇ ಆಗಿರುವ, ಮೈಕ್ರೋಸಾಫ್ಟ್ ತಾನೇ ಬಹಿರಂಗವಾಗಿ ಪ್ರಕಟಿಸಿರುವ ಸಾಮಾನ್ಯ ಕೀ. ಕಚೇರಿಯ ನೂರು ಯಂತ್ರಗಳಲ್ಲೂ ಕೊನೆಯ ಐದು ಅಕ್ಷರಗಳು ಒಂದೇ ಆಗಿರುವುದನ್ನು ಕಂಡು ಯಾರೋ ಕಳ್ಳ ಕೀ ಹಾಕಿದ್ದಾರೆಂದು ದೂರು ಕೊಟ್ಟ ಲೆಕ್ಕಪರಿಶೋಧಕರೊಬ್ಬರಿಗೆ ಇದನ್ನು ವಿವರಿಸಲು ನನಗೆ ಅರ್ಧ ದಿನ ಹಿಡಿಯಿತು.

ಹೋಸ್ಟ್ ಕೊಡುವ ಆಕ್ಟಿವೇಷನ್ ಶಾಶ್ವತವಲ್ಲ, 180 ದಿನಗಳದ್ದು. ಯಂತ್ರವು 7 ದಿನಕ್ಕೊಮ್ಮೆ ಹೋಸ್ಟನ್ನು ಕಂಡು ಮಾತಾಡಿಸಿ ಆ ಅವಧಿಯನ್ನು ಮತ್ತೆ 180 ದಿನಕ್ಕೆ ಏರಿಸಿಕೊಳ್ಳುತ್ತದೆ. ಕಚೇರಿಯ ಜಾಲದಲ್ಲಿರುವ ಯಂತ್ರಕ್ಕೆ ಇದು ನಡೆಯುತ್ತಿರುವುದೇ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಮನೆಯಿಂದಲೇ ಕೆಲಸ ಮಾಡುವವರ ಲ್ಯಾಪ್‌ಟಾಪ್ ಆರು ತಿಂಗಳಾಗುತ್ತಿದ್ದಂತೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಆಕ್ಟಿವೇಷನ್ ಕೇಳಲು ಇದೇ ಕಾರಣ. ವಿಪಿಎನ್ ಮೂಲಕ ಕಚೇರಿಯ ಜಾಲಕ್ಕೆ ಸೇರಿಕೊಂಡು, ಎಸ್‌ಎಲ್‌ಎಂಜಿಆರ್ ಆಜ್ಞೆಯನ್ನು ಈಗಲೇ ಆಕ್ಟಿವೇಟ್ ಮಾಡು ಎನ್ನುವ ಎಟಿಒ ಆಯ್ಕೆಯೊಂದಿಗೆ ಒಮ್ಮೆ ನಡೆಸಿದರೆ ಸಾಕಾಗುತ್ತದೆ, ವಿಪಿಎನ್ 1688ನೆಯ ಪೋರ್ಟನ್ನು ಬಿಡುವಂತಿದ್ದರೆ. ಬಿಡದಿದ್ದರೆ ಎಫ್074 ಎಂದು ಕೊನೆಗೊಳ್ಳುವ ಎರರ್ ಬರುತ್ತದೆ, ಹೋಸ್ಟ್ ಸಿಗಲಿಲ್ಲ ಎಂಬುದಷ್ಟೇ ಅದರ ಅರ್ಥ.

ಹೋಸ್ಟಿಗೆ ಇನ್ನೊಂದು ಹಟವಿದೆ. ತನ್ನನ್ನು ಕೇಳಿಕೊಂಡು ಬರುವ ಬೇರೆ ಬೇರೆ ಯಂತ್ರಗಳ ಸಂಖ್ಯೆ 25 ಮುಟ್ಟುವವರೆಗೆ ಅದು ಯಾವ ಸಾಮಾನ್ಯ ಕಂಪ್ಯೂಟರಿಗೂ ಆಕ್ಟಿವೇಷನ್ ಕೊಡುವುದಿಲ್ಲ. ಸರ್ವರ್ ವಿಂಡೋಸ್ ಆದರೆ 5 ಸಾಕು. ಸಣ್ಣ ಕಚೇರಿಗಳಿಗೆ ಕೆಎಂಎಸ್ ಹೊಂದುವುದಿಲ್ಲವೆನ್ನುವುದು ಇದರಿಂದಲೇ. ಸಂಖ್ಯೆ ಸಾಲದಾಗ ಬರುವ ಎರರಿನ ಕೊನೆ ಎಫ್038. ಎಫ್074, ಎಫ್038 ಎಂಬ ಈ ಎರಡು ಎರರ್‌ಗಳ ನಡುವಿನ ಅಂತರವನ್ನು ಹಿಡಿದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ: ಮೊದಲನೆಯದರಲ್ಲಿ ಉತ್ತರವೇ ಬಂದಿಲ್ಲ, ಎರಡನೆಯದರಲ್ಲಿ ಉತ್ತರ ಬಂದಿದೆ, ಆದರೆ ಅದು "ಇಲ್ಲ" ಎಂಬ ಉತ್ತರ.

ನನ್ನನ್ನು ವಾರಗಟ್ಟಲೆ ಕಾಡಿದ ಪ್ರಕರಣ ಈ ಎರಡನೆಯ ಬಗೆಯದು. ನೂರಕ್ಕೂ ಹೆಚ್ಚು ಯಂತ್ರಗಳಿದ್ದ, ಹೋಸ್ಟ್ ವರ್ಷಗಳಿಂದ ತೊಂದರೆಯಿಲ್ಲದೆ ನಡೆಯುತ್ತಿದ್ದ ಕಚೇರಿ ಅದು. ಅಲ್ಲಿ ಹೊಸದಾಗಿ ಇರಿಸಿದ ಕೆಲವು ಯಂತ್ರಗಳು ಸಂಖ್ಯೆ ಸಾಲದೆಂದು ಎಫ್038 ತೋರಿಸತೊಡಗಿದವು. ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕುಳಿತ, ಒಂದೇ ದಿನ ಬಂದ, ಒಂದೇ ಮಾದರಿಯ ಎರಡು ಯಂತ್ರಗಳಲ್ಲಿ ಒಂದು ಆಕ್ಟಿವೇಟ್ ಆಗುತ್ತಿತ್ತು, ಇನ್ನೊಂದು ಆಗುತ್ತಿರಲಿಲ್ಲ. ಹೋಸ್ಟಿನಲ್ಲಿ ನೋಡಿದರೆ ಎಣಿಕೆ ಗರಿಷ್ಠದಲ್ಲೇ, ಅಂದರೆ 50ರಲ್ಲೇ ನಿಂತಿತ್ತು; 25ರ ಎರಡರಷ್ಟನ್ನು ಮಾತ್ರ ಅದು ನೆನಪಿಟ್ಟುಕೊಳ್ಳುತ್ತದೆ. 50 ಇರುವಾಗ 25 ಸಾಲದೆಂದು ಹೇಳುತ್ತಿರುವವರು ಯಾರು?

ಉತ್ತರ ಅದೇ ಸಣ್ಣ ಕಿಟಕಿಯಲ್ಲಿತ್ತು, ನಾನು ಮೇಲಿನ ನಾಲ್ಕು ಸಾಲು ಓದಿ ಮುಚ್ಚುತ್ತಿದ್ದೆ. ಕೆಳಗೆ, ಡಿಎನ್‌ಎಸ್‌ನಿಂದ (ಜಾಲದಲ್ಲಿ ಯಂತ್ರಗಳ ಹೆಸರು, ವಿಳಾಸ ಹುಡುಕಿಕೊಡುವ ವ್ಯವಸ್ಥೆಯಿಂದ) ಸಿಕ್ಕ ಕೆಎಂಎಸ್ ಯಂತ್ರದ ಹೆಸರು ಎಂಬಲ್ಲಿ ನಮ್ಮ ಸರ್ವರಿನ ಹೆಸರಿರಲಿಲ್ಲ. ಲೆಕ್ಕಪತ್ರ ವಿಭಾಗದ ಒಂದು ಮೇಜಿನ ಕಂಪ್ಯೂಟರಿನ ಹೆಸರಿತ್ತು. ಆದದ್ದು ಇಷ್ಟು. ಸಹಾಯಕ್ಕೆಂದು ಬಂದಿದ್ದ ಒಬ್ಬರು ಲೈಸೆನ್ಸ್ ಪೋರ್ಟಲ್ಲಿನ ಪಟ್ಟಿಯಿಂದ ಹೋಸ್ಟ್ ಕೀಯನ್ನು ಸಾಧಾರಣ ಕೀ ಎಂದು ತಿಳಿದು, ಅದನ್ನು ಎರಡು ಮೂರು ಮೇಜಿನ ಯಂತ್ರಗಳಿಗೆ ಹಾಕಿದ್ದರು. ಹೋಸ್ಟ್ ಕೀ ಬಿದ್ದ ಯಂತ್ರ ತಾನೇ ಹೋಸ್ಟ್ ಆಗುತ್ತದೆ. ಅದು ತಾನು ಹೋಸ್ಟ್ ಎಂದು ಡಿಎನ್‌ಎಸ್‌ನಲ್ಲಿ ಎಸ್‌ಆರ್‌ವಿ ಬಗೆಯ ದಾಖಲೆಯೊಂದನ್ನು ಬರೆದುಕೊಳ್ಳಲು ಯತ್ನಿಸುತ್ತದೆ, ಮತ್ತು ಯಾವ ಯಂತ್ರ ಏನು ಬರೆದುಕೊಂಡರೂ ಒಪ್ಪಿಕೊಳ್ಳುವಷ್ಟು ಸಡಿಲವಾಗಿತ್ತು ನಮ್ಮ ಡಿಎನ್‌ಎಸ್. ಹೊಸ ಯಂತ್ರಗಳು ಆ ದಾಖಲೆಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸಿಕೊಳ್ಳುತ್ತವೆ. ಆರಿಸಿದ ಹೋಸ್ಟ್ ಉತ್ತರಿಸದಿದ್ದರೆ ಇನ್ನೊಂದಕ್ಕೆ ಹೋಗುತ್ತವೆ, ಆದರೆ ಉತ್ತರಿಸಿದ ಹೋಸ್ಟಿನ ಹೆಸರನ್ನು ನೆನಪಿಟ್ಟುಕೊಂಡು ಮುಂದೆಯೂ ಅದನ್ನೇ ಕೇಳುತ್ತವೆ. ಆ ಮೇಜಿನ ಯಂತ್ರಗಳಲ್ಲಿ, ಹೊರಗಿನ ಸಂಪರ್ಕವನ್ನು ತಡೆಯುವ ಫೈರ್‌ವಾಲ್ ತೆರೆದೇ ಇದ್ದುದರಿಂದ ಅವು ಉತ್ತರಿಸುತ್ತಿದ್ದವು: ನನ್ನಲ್ಲಿ ಈಗ ಮೂರೇ ಜನ ಬಂದಿದ್ದಾರೆ, 25 ಆಗಲಿ ಎಂದು. ಸರಿಯಾದ ಸರ್ವರಿನ ಕಡೆ ಬಿದ್ದ ಯಂತ್ರ ಆಕ್ಟಿವೇಟ್ ಆಗುತ್ತಿತ್ತು, ಮೇಜಿನ ಯಂತ್ರದ ಕಡೆ ಬಿದ್ದದ್ದು ಸಾಲಿನಲ್ಲಿ ನಿಂತಿರುತ್ತಿತ್ತು.

ಪರಿಹಾರ ಕಷ್ಟದ್ದೇನಲ್ಲ. ಮೇಜಿನ ಯಂತ್ರಗಳಿಗೆ ಸಾಮಾನ್ಯ ಕೀಯನ್ನು ಮರಳಿ ಹಾಕಿದೆವು, ಡಿಎನ್‌ಎಸ್‌ನಲ್ಲಿದ್ದ ತಪ್ಪು ದಾಖಲೆಗಳನ್ನು ಅಳಿಸಿದೆವು, ತೊಂದರೆಗೊಳಗಾದ ಯಂತ್ರಗಳಲ್ಲಿ ಮತ್ತೊಮ್ಮೆ ಎಟಿಒ ನಡೆಸಿದೆವು. ಆದರೆ ಒಂದು ನಷ್ಟ ಉಳಿಯಿತು: ಸಾಮಾನ್ಯವಾಗಿ ಒಂದು ಹೋಸ್ಟ್ ಕೀಯಿಂದ 6 ಹೋಸ್ಟ್‌ಗಳನ್ನು ಮಾತ್ರ ಆಕ್ಟಿವೇಟ್ ಮಾಡಬಹುದು, ಅವುಗಳಲ್ಲಿ ಕೆಲವನ್ನು ಆ ಮೇಜುಗಳು ನುಂಗಿಬಿಟ್ಟಿದ್ದವು. ಎಂದಾದರೂ ನಿಜವಾದ ಸರ್ವರನ್ನು ಬದಲಿಸುವಾಗ ಮಿತಿ ಮೀರಿದೆಯೆಂಬ ಉತ್ತರ ಬರುವ ಸಾಧ್ಯತೆಯನ್ನು ನಾವಾಗಿಯೇ ತಂದುಕೊಂಡಂತಾಗಿತ್ತು.

ಇದೇ ಎಫ್038 ಹೊಸ ಕಚೇರಿಗಳಲ್ಲಿ ಬೇರೊಂದು ವೇಷದಲ್ಲಿ ಬರುತ್ತದೆ. ಒಂದು ಯಂತ್ರವನ್ನು ಸಿದ್ಧಪಡಿಸಿ, ಅದರ ಡಿಸ್ಕನ್ನೇ ನಕಲು ಮಾಡಿ ಉಳಿದ 40 ಯಂತ್ರಗಳಿಗೆ ಇಳಿಸಿದರೆ, ನಕಲಿಗೆ ಸಿದ್ಧಪಡಿಸುವ ಸಿಸ್‌ಪ್ರೆಪ್ ಉಪಕರಣದಲ್ಲಿ, ಯಂತ್ರದ ಸ್ವಂತ ಗುರುತುಗಳನ್ನು ತೆಗೆಯುವ ಜನರಲೈಸ್ ಹೆಜ್ಜೆಯನ್ನು ಬಿಟ್ಟಿದ್ದಲ್ಲಿ ಎಲ್ಲ ಯಂತ್ರಗಳ ಕ್ಲೈಂಟ್ ಗುರುತೂ ಒಂದೇ ಆಗಿರುತ್ತದೆ. ಹೋಸ್ಟಿನ ಕಣ್ಣಿಗೆ ಆ 40 ಯಂತ್ರಗಳೂ ಒಂದೇ, ಎಣಿಕೆ ಒಂದರಿಂದ ಮೇಲೇಳುವುದಿಲ್ಲ. ಪ್ರತಿ ಯಂತ್ರದಲ್ಲೂ ಎಸ್‌ಎಲ್‌ಎಂಜಿಆರ್ ಆಜ್ಞೆಯನ್ನು, ಆಕ್ಟಿವೇಷನ್ ಸ್ಥಿತಿಯನ್ನು ಮೊದಲಿನಿಂದ ಶುರುಮಾಡುವ ರೀಆರ್ಮ್ ಆಯ್ಕೆಯೊಂದಿಗೆ ನಡೆಸಿ ಮರುಪ್ರಾರಂಭಿಸಿದರೆ ಹೊಸ ಗುರುತು ಹುಟ್ಟುತ್ತದೆ. ಈ ರೀಆರ್ಮ್ ಎಷ್ಟು ಸಲ ಬೇಕಾದರೂ ಸಿಗುವಂಥದ್ದಲ್ಲ, ಹಾಗಾಗಿ ಎಲ್ಲ ರೋಗಕ್ಕೂ ಅದನ್ನೇ ಕೊಡುವವರನ್ನು ಕಂಡರೆ ನನಗೆ ಕಸಿವಿಸಿ.

ಗಡಿಯಾರದ ಮಾತನ್ನು ಬಿಡುವಂತಿಲ್ಲ. ಯಂತ್ರದ ಸಮಯಕ್ಕೂ ಹೋಸ್ಟಿನ ಸಮಯಕ್ಕೂ 4 ಗಂಟೆಗಿಂತ ಹೆಚ್ಚು ಅಂತರವಿದ್ದರೆ ಕೆಎಂಎಸ್ ವಿನಂತಿ ತಿರಸ್ಕೃತವಾಗುತ್ತದೆ, ಎರರಿನ ಕೊನೆ ಎಫ್06ಸಿ. ಗಡಿಯಾರವನ್ನು ನಡೆಸುವ ಸಿಎಂಒಎಸ್ ಬ್ಯಾಟರಿ ಸತ್ತು ಹಳೆಯ ತಾರೀಕಿಗೆ ಹೋದ ಯಂತ್ರದಲ್ಲಿ ಇದನ್ನು ಯಾರು ಬೇಕಾದರೂ ಗುರುತಿಸಬಹುದು. ಗುರುತಿಸಲಾಗದ್ದು ಬೇರೆಯಿದೆ: ಡೊಮೇನಿಗೆ (ಕಚೇರಿಯ ಕೇಂದ್ರೀಯ ನಿರ್ವಹಣೆಗೆ) ಸೇರದ ಯಂತ್ರವೊಂದರಲ್ಲಿ ಪರದೆಯ ಗಡಿಯಾರ ನಿಮಿಷದ ಲೆಕ್ಕದಲ್ಲೂ ಸರಿಯಾಗಿತ್ತು, ಆದರೆ ಟೈಮ್ ಝೋನ್ ಮೊದಲೇ ಇದ್ದ ಪೆಸಿಫಿಕ್ ವಲಯದಲ್ಲೇ ಉಳಿದಿತ್ತು. ಯಾರೋ ವಲಯವನ್ನು ಬದಲಿಸದೆ ಮುಳ್ಳುಗಳನ್ನು ಮಾತ್ರ ಕೈಯಿಂದ ತಿರುಗಿಸಿದ್ದರು. ಹೋಲಿಕೆ ನಡೆಯುವುದು ಎಲ್ಲ ವಲಯಗಳಿಗೂ ಒಂದೇ ಆದ ಯುಟಿಸಿ ಸಮಯದಲ್ಲಿ, ಹೀಗಾಗಿ ಕಣ್ಣಿಗೆ ಸರಿಯಾಗಿ ಕಾಣುವ ಗಡಿಯಾರವೇ ಹೋಸ್ಟಿನ ಲೆಕ್ಕದಲ್ಲಿ ಎಷ್ಟೋ ಗಂಟೆ ಆಚೆಗಿತ್ತು.

ಎರರ್ ಕೋಡಿನಿಂದ ಏನೂ ತಿಳಿಯದಿದ್ದಾಗ ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವುದನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ದಾಖಲೆಗಳಲ್ಲಿ 12288 ಮತ್ತು 12289 ಎಂಬ ಸಂಖ್ಯೆಗಳನ್ನು ಹುಡುಕುತ್ತೇನೆ. ಮೊದಲನೆಯದು ಯಂತ್ರ ಕಳಿಸಿದ ವಿನಂತಿ, ಎರಡನೆಯದು ಹಿಂದಕ್ಕೆ ಬಂದ ಉತ್ತರ. ಹೋಸ್ಟಿನ ಕಡೆ ಅದೇ ವಿನಂತಿ 12290 ಎಂದು ದಾಖಲಾಗುತ್ತದೆ. ಇತ್ತ 12288 ಇದ್ದು ಅತ್ತ 12290 ಇಲ್ಲದಿದ್ದರೆ ಮಾತು ದಾರಿಯಲ್ಲೇ ಕಳೆದುಹೋಗಿದೆ. ಫೈರ್‌ವಾಲ್ ನೋಡಿಕೊಳ್ಳುವವರನ್ನು ಕರೆಯಬಹುದು.

ತಪ್ಪು ನಮ್ಮ ಕಡೆ ಇಲ್ಲದ ದಿನಗಳೂ ಇರುತ್ತವೆ. 2018ರ ನವೆಂಬರ್ 8ರಂದು ವಿಂಡೋಸ್ 10 ಪ್ರೊ ಇದ್ದ ಅನೇಕ ಯಂತ್ರಗಳು ತಮ್ಮಲ್ಲಿರುವುದು ಹೋಮ್ ಲೈಸೆನ್ಸ್ ಎಂದು ಹೇಳತೊಡಗಿದ್ದವು. ಮೈಕ್ರೋಸಾಫ್ಟಿನ ಆಕ್ಟಿವೇಷನ್ ಸರ್ವರಿನಲ್ಲಿದ್ದ ಆ ದೋಷವನ್ನು ಅವರೇ ಸರಿಪಡಿಸಿದರು. 2019ರ ಜನವರಿಯಲ್ಲಿ ಕೆಬಿ971033 ಎಂಬ ಹಳೆಯ ಅಪ್‌ಡೇಟ್ ಇದ್ದ, ಕೆಎಂಎಸ್ ಬಳಸುತ್ತಿದ್ದ ವಿಂಡೋಸ್ 7 ಯಂತ್ರಗಳು ನಕಲಿ ವಿಂಡೋಸ್ ಎಂಬ ಎಚ್ಚರಿಕೆ ತೋರಿಸಿದವು. ಒಂದೇ ಬೆಳಗ್ಗೆ, ಯಾರೂ ಏನನ್ನೂ ಮುಟ್ಟದಿರುವಾಗ, ಹಲವು ಯಂತ್ರಗಳು ಏಕಕಾಲಕ್ಕೆ ಕೂಗಿದರೆ ಕೀ ಬದಲಿಸಲು ಹೊರಡದೆ ಒಂದೆರಡು ಗಂಟೆ ಕಾಯುವುದು ಒಳ್ಳೆಯದು. ಇಂಥ ಹೊತ್ತಿನಲ್ಲಿ ಅವಸರಪಟ್ಟವರ ಯಂತ್ರಗಳು ದೋಷ ಸರಿಹೋದ ಮೇಲೂ ಸರಿಹೋಗದೆ ಉಳಿಯುತ್ತವೆ.

ಕ್ಷಣಾರ್ಧದಲ್ಲಿ ಆಕ್ಟಿವೇಟ್ ಮಾಡಿಕೊಡುವ "ಆಕ್ಟಿವೇಟರ್" ತಂತ್ರಾಂಶಗಳ ಬಗ್ಗೆ ನನ್ನದು ಒಂದೇ ಅಭಿಪ್ರಾಯ: ಕಚೇರಿಯ ಯಂತ್ರದಲ್ಲಿ ಅವು ಕಂಡರೆ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕು. ಅವುಗಳಲ್ಲಿ ಬಹಳಷ್ಟು ಆ ಯಂತ್ರದೊಳಗೇ ಒಂದು ಸುಳ್ಳು ಕೆಎಂಎಸ್ ಹೋಸ್ಟನ್ನು ಕೂರಿಸುತ್ತವೆ. ಡಿಎಲ್‌ವಿ ಕಿಟಕಿಯಲ್ಲಿ ಹೋಸ್ಟಿನ ವಿಳಾಸ 127ರಿಂದ ಶುರುವಾಗಿದ್ದರೆ (ಅಂದರೆ ಅದೇ ಯಂತ್ರವನ್ನು ತೋರಿಸುತ್ತಿದ್ದರೆ) ಅಥವಾ ಕೇಳರಿಯದ ಹೊರಗಿನ ಹೆಸರಿದ್ದರೆ ಅನುಮಾನಪಡಬೇಕು. ವೈರಸ್ ತಡೆಯುವ ವಿಂಡೋಸ್ ಡಿಫೆಂಡರನ್ನು ನಿಲ್ಲಿಸಿ, ಪೂರ್ಣ ಅಧಿಕಾರ ಕೊಟ್ಟು ಓಡಿಸಿದ ಅಪರಿಚಿತ ತಂತ್ರಾಂಶ ಆಕ್ಟಿವೇಷನ್ ಒಂದನ್ನೇ ಮಾಡಿ ಸುಮ್ಮನಾಗಿದೆ ಎಂದು ನಂಬುವುದು ಹೇಗೆ? ಇದರ ಇನ್ನೊಂದು ಮುಖವನ್ನೂ ಆಡಳಿತದವರಿಗೆ ಹೇಳಬೇಕಾಗುತ್ತದೆ: ಕೆಎಂಎಸ್ ಹೋಸ್ಟ್ ನೀವು ಎಷ್ಟು ಲೈಸೆನ್ಸ್ ಕೊಂಡಿದ್ದೀರಿ ಎಂದು ಎಣಿಸುವುದಿಲ್ಲ. 60 ಕೊಂಡು 90 ಯಂತ್ರಗಳಿಗೆ ಹಾಕಿದರೂ ಎಲ್ಲವೂ ಆಕ್ಟಿವೇಟ್ ಆಗುತ್ತವೆ, ಲೆಕ್ಕ ಕೇಳುವುದು ಆಡಿಟ್ ಬಂದಾಗ.

ಈಚೆಗೆ ಬಳಕೆದಾರರ ಖಾತೆಗೆ ಚಂದಾ ಜೋಡಿಸಿ ಪ್ರೊ ಆವೃತ್ತಿಯನ್ನು ಎಂಟರ್‌ಪ್ರೈಸ್‌ಗೆ ಏರಿಸುವ ಪದ್ಧತಿ ಹೆಚ್ಚುತ್ತಿದೆ. ಅಲ್ಲಿ ಕೆಳಗಿರುವ ಪ್ರೊ ಮೊದಲು ತಾನಾಗಿ ಆಕ್ಟಿವೇಟ್ ಆಗಿರಬೇಕೆಂಬುದನ್ನು ಮರೆತು ಖಾತೆಯನ್ನೇ ಜಾಲಾಡುವವರನ್ನು ನೋಡಿದ್ದೇನೆ.

ಈ ಎಲ್ಲ ಪ್ರಕರಣಗಳ ನಂತರ ನಾನು ಒಂದು ಸ್ಪ್ರೆಡ್‌ಶೀಟ್ ಇಟ್ಟುಕೊಂಡಿದ್ದೇನೆ. ಯಂತ್ರವನ್ನು ಬಳಕೆದಾರರ ಕೈಗೆ ಕೊಡುವ ದಿನವೇ ಅದರ ಹೆಸರು, ಆವೃತ್ತಿ, ಚಾನೆಲ್, ಹೋಸ್ಟಿನ ಹೆಸರು ಇವನ್ನು ಡಿಎಲ್‌ವಿ ಕಿಟಕಿಯಿಂದ ನೋಡಿ ಬರೆಯುತ್ತೇನೆ. ರಿಪೇರಿಗೆ ಹೋಗುವ ಯಂತ್ರವಾದರೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ. ಕೀಗಳ ಕಾಲಂನಲ್ಲಿ ಇರುವುದು ಕೊನೆಯ ಐದು ಅಕ್ಷರಗಳು ಮಾತ್ರ. ಹೋಸ್ಟ್ ಕೀಯ ಸಾಲಿನಲ್ಲಿ ಅವೂ ಇಲ್ಲ, "ಇದನ್ನು ಯಾವ ಮೇಜಿನ ಯಂತ್ರಕ್ಕೂ ಹಾಕಬಾರದು" ಎಂಬ ಒಂದು ಸಾಲು ಕೆಂಪು ಅಕ್ಷರಗಳಲ್ಲಿದೆ.